ಹುಣಸೆಹಣ್ಣು ಹಚ್ಚಿ ಬೆಳಗಿದ ಒಂಬತ್ತು ಬಂದೂಕು

ನಾನು ಬರೆದ ಒಂದೇ ಒಂದು ಶಬ್ದದಿಂದ ಹಾನಗಲ್ಲಿನ ಒಂಬತ್ತು ಬಂದೂಕುಗಳ ಮೈಬಣ್ಣ ಹೋಯಿತು. ಅದನ್ನು ಮರಳಿ ತರಲು ಹತ್ತು ದಿನ ಹಿಡಿಯಿತು. ಈಗ ನಗುತ್ತ ಹೇಳುತ್ತೇನೆ. ಆ ಹತ್ತು ದಿನ ಮಾತ್ರ ನನಗೆ ಊಟ ಸೇರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನಾಗ ಪೊಲೀಸ್ ಖಾತೆಯಲ್ಲಿ ಬಂದೂಕು ರಿಪೇರಿ ಮಾಡುವ ಮಿಸ್ತ್ರಿ. ದಸರೆಯ ಹೊತ್ತಿಗೆ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಠಾಣೆಗಳಿಗೆ ಒಂದು ಸುತ್ತು ಹೋಗಿ, ಬಂದೂಕುಗಳನ್ನು ಬಿಚ್ಚಿ ನೋಡಿ, ಸವೆದ ಸ್ಕ್ರೂ ಬದಲಿಸಿ, ಎಣ್ಣೆ ಹಚ್ಚಿ ಬರುವುದು ನನ್ನ ಕೆಲಸ. ದಸರೆ ಮುಗಿದ ಮೇಲೆ ದೊಡ್ಡ ಸಾಹೇಬರು ಅವೇ ಠಾಣೆಗಳಿಗೆ ತಪಾಸಣೆಗೆ ಬರುತ್ತಿದ್ದರು.

ಸರಕಾರಿ ಬಂದೂಕಿನ ನಳಿಗೆ ಕಪ್ಪಗಿರುತ್ತದೆ. ಅದನ್ನು ಬಳಿದ ಬಣ್ಣವೆಂದು ಬಹಳ ಜನ ತಿಳಿದಿದ್ದಾರೆ. ಅದು ಬಣ್ಣವಲ್ಲ. ಉಕ್ಕಿನ ಮೇಲೆ ಬೇಕೆಂದೇ ತುಕ್ಕು ಬರಿಸಿ, ಆ ತುಕ್ಕನ್ನು ನೀರಿನಲ್ಲಿ ಕುದಿಸಿ ಕಪ್ಪಾಗಿಸಿ, ಉಜ್ಜಿ, ಮತ್ತೆ ತುಕ್ಕು ಬರಿಸಿ, ಹೀಗೆ ಆರೇಳು ಸಲ ಮಾಡಿದ ಮೇಲೆ ಕೂಡುವ ತೆಳ್ಳನೆಯ ಪೊರೆ. ಎಣ್ಣೆಯ ಕೈ ತಾಗುತ್ತಿದ್ದರೆ ಅದು ಎಷ್ಟೋ ವರ್ಷ ಬಾಳುತ್ತದೆ. ಹುಳಿ ತಾಗಿತೋ, ಒಂದು ಗಳಿಗೆಯಲ್ಲಿ ಎದ್ದು ಹೋಗುತ್ತದೆ. ಆಮೇಲೆ ಬರಿಮೈಯ ಉಕ್ಕಿಗೆ ಗಾಳಿಯೇ ಶತ್ರು.

ನಾನು ಬರೆದ ಶಬ್ದದ ವಿಷಯಕ್ಕೆ ಬರುತ್ತೇನೆ. ಆ ಕಾಲದಲ್ಲಿ ನಮ್ಮ ಕಡೆಯ ನಾಲ್ಕಕ್ಷರ ಬಲ್ಲವರಿಗೆಲ್ಲ ಕನ್ನಡದ ಹುಚ್ಚು ಹಿಡಿದಿತ್ತು. ನನಗೆ ಸ್ವಲ್ಪ ಹೆಚ್ಚೇ ಹಿಡಿದಿತ್ತು. ಠಾಣೆಗಳಿಗೆ ಹೋಗುವ ಹುಕುಮುಗಳು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತಿದ್ದವು. ಬಂದೂಕುಗಳನ್ನು ‘ಸಾಫ್’ ಮಾಡಿ ಇಡಬೇಕೆಂಬ ಮರಾಠಿ ಹುಕುಮೊಂದು ಆ ವರ್ಷ ಹೊರಡುವುದಿತ್ತು. ಇದನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ ಎಂದು ನಾನೇ ಮುಂದಾದೆ. ಬರೆಯುವಾಗ ‘ಸಾಫ್’ ಎಂಬ ಮಾತು ನನ್ನ ಕಣ್ಣಿಗೆ ಚುಚ್ಚಿತು. ನಮ್ಮ ಠಾಣೆಗಳಲ್ಲಿ ಸಾಫ್ ಎನ್ನದ ಬಾಯಿ ಒಂದೂ ಇರಲಿಲ್ಲ. ನನ್ನ ತಾಯಿಯೂ ಅಂಗಳ ಸಾಫ್ ಮಾಡು ಎಂದೇ ಹೇಳುತ್ತಿದ್ದಳು. ಆದರೂ ಅದು ಪರಭಾಷೆಯ ಮಾತು, ಅಚ್ಚ ಕನ್ನಡದ್ದು ಬೇಕು ಎಂದು ಅರ್ಧ ಗಂಟೆ ಪೆನ್ನು ಕಚ್ಚಿ ಕೂತು, ಕೊನೆಗೆ ಬರೆದೆ: ‘ಖಂಡೆ ಪೂಜೆಗೆ ಮೊದಲು ಬಂದೂಕುಗಳ ಸಮಸ್ತ ಲೋಹಭಾಗಗಳನ್ನು ಚೆನ್ನಾಗಿ ಬೆಳಗಿ ಇಡತಕ್ಕದ್ದು.’ ಬರೆದದ್ದನ್ನು ಎರಡು ಸಲ ನಾನೇ ಗಟ್ಟಿಯಾಗಿ ಓದಿಕೊಂಡು ಖುಷಿಪಟ್ಟೆ. ಹುಕುಮಿನ ಕೆಳಗೆ ನನ್ನ ಹೆಸರೂ ಇತ್ತು.

ಶಿಗ್ಗಾವಿಯಲ್ಲಿ ಬಂದೂಕುಗಳು ಎಂದಿನ ಹಾಗೆ ಕಪ್ಪಗೆ, ಎಣ್ಣೆಯ ಮೇಲೆ ಧೂಳು ಹಿಡಿದು ನಿಂತಿದ್ದವು. ನನ್ನ ಹುಕುಮು ಲಾಟೀನಿನ ಬುಡದಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ನನಗೆ ಬೇಜಾರಾಯಿತು. ಇಷ್ಟು ಒಳ್ಳೆಯ ಕನ್ನಡ ವ್ಯರ್ಥವಾಯಿತಲ್ಲ ಎಂದುಕೊಳ್ಳುತ್ತ ಹಾನಗಲ್ಲಿನ ಬಸ್ಸು ಹತ್ತಿದೆ.

ಹಾನಗಲ್ಲಿನ ಫೌಜದಾರರು ಬಂದೋಬಸ್ತಿಗೆಂದು ಅಕ್ಕಿಆಲೂರಿನ ಕಡೆ ಹೋಗಿದ್ದರು. ಠಾಣೆ ಹವಾಲ್ದಾರರ ಕೈಯಲ್ಲಿತ್ತು. ಈ ಹವಾಲ್ದಾರರು ಮೂವತ್ತೊಂದು ವರ್ಷ ನೌಕರಿ ಮಾಡಿದವರು, ಇನ್ನು ನಾಲ್ಕು ತಿಂಗಳಿಗೆ ಪಿಂಚಣಿ. ಎತ್ತರದ ಆಳು, ಮೆತ್ತಗಿನ ಮಾತು. ಅವರ ಹೆಂಡತಿ ಗಿಡ್ಡಕ್ಕೆ, ಗಟ್ಟಿಮುಟ್ಟಾಗಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಇಡೀ ಪೊಲೀಸ್ ಲೈನನ್ನು, ಅಂದರೆ ಪೊಲೀಸರ ಮನೆಗಳ ಸಾಲನ್ನು, ಆಳುತ್ತಿದ್ದರು. ಅವರ ಮನೆಯ ತಾಮ್ರದ ಕೊಡದಲ್ಲಿ ಮುಖ ನೋಡಿಕೊಂಡು ಪೇಟಾ ಸುತ್ತಬಹುದಿತ್ತು. ನಾನು ಅವರನ್ನು ಅವ್ವಾರ ಎಂದೇ ಕರೆಯುತ್ತಿದ್ದೆ. ಹಾನಗಲ್ಲಿಗೆ ಹೋದರೆ ನನ್ನ ಊಟ ಅವರ ಮನೆಯಲ್ಲೇ. ಬೇರೆ ಕಡೆ ಉಂಡರೆ ಅವರು ಸಿಟ್ಟಾಗುತ್ತಿದ್ದರು.

ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ಮಧ್ಯಾಹ್ನ ನಾನು ಲೈನಿನ ಅಂಗಳಕ್ಕೆ ಕಾಲಿಟ್ಟಾಗ ಹವಾಲ್ದಾರರು ಓಡಿಬಂದು ನನ್ನ ಚೀಲ ಇಸಿದುಕೊಂಡರು. ಅವರ ಮುಖದಲ್ಲಿ ಹಬ್ಬದ ಕಳೆ.

“ಬರ್ರಿ ಮಿಸ್ತ್ರಿಯವರ. ನಿಮ್ಮ ಹುಕುಮ್ ಬಂತು. ನಾನ ಓದಿದೆ. ಒಂದಕ್ಷರ ಬಿಡದಂಗ ಪಾಲಿಸೇವಿ, ನೋಡ ಬರ್ರಿ.”

ಪಡಸಾಲೆಯಲ್ಲಿ ಬಾಳೆಲೆಗಳ ಮೇಲೆ ಒಂಬತ್ತು ಬಂದೂಕುಗಳನ್ನು ಬಿಚ್ಚಿ ಸಾಲಾಗಿ ಇಟ್ಟಿದ್ದರು. ನಳಿಗೆ, ಬೆರಳಿನಿಂದ ಎಳೆಯುವ ಕುದುರೆಯ ಸುತ್ತಲಿನ ಕಾವಲು ಕಮಾನು, ಪಟ್ಟಿಗಳು, ಬೋಲ್ಟು, ಎಲ್ಲ ಬೆಳ್ಳಿಯ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಬಾಗಿಲ ಬಳಿ ಹುಣಸೆಹಣ್ಣಿನ ಹಿಂಡಿ, ಒಲೆಯ ಬೂದಿ, ತೆಂಗಿನ ನಾರಿನ ರಾಶಿ. ಲೈನಿನ ಹೆಂಗಸರೆಲ್ಲ ಕೂಡಿ ಎರಡು ದಿನ ತಿಕ್ಕಿದ್ದರಂತೆ. ಖಜಾನೆಯ ಪಹರೆಯವರ ಕೈಯಲ್ಲಿದ್ದ ಎರಡು ಬಂದೂಕು ಮಾತ್ರ ಬಚಾವಾಗಿದ್ದವು. ಅವನ್ನು ನಾಳೆ ತಿಕ್ಕುವವರಿದ್ದರು. ಅವ್ವಾರ ಸೆರಗಿಗೆ ಕೈ ಒರೆಸುತ್ತ ಬಂದು, ಬೆಳಗುವುದರಲ್ಲಿ ಕಡಿಮೆಯಾಗಿದ್ದರೆ ಹೇಳಿ, ಇನ್ನೊಂದು ಕೈ ಹಾಕುತ್ತೇವೆ ಎಂದರು.

ಆಗ ನನಗೆ ನಾನು ಬರೆದದ್ದು ಏನೆಂದು ತಿಳಿಯಿತು. ನಮ್ಮ ಸೀಮೆಯ ಯಾವ ಮನೆಯಲ್ಲಾದರೂ ಬೆಳಗು ಎಂದರೆ ಪಾತ್ರೆಯ ಹಾಗೆ ತಿಕ್ಕಿ ಹೊಳೆಯಿಸು ಎಂದೇ ಅರ್ಥ. ನನ್ನ ತಾಯಿಯ ಬಾಯಲ್ಲಿ ಅದನ್ನು ಎಷ್ಟು ಸಾವಿರ ಸಲ ಕೇಳಿದ್ದೆನೋ. ಬರೆಯುವಾಗ ಅದು ಪುಸ್ತಕದ ಶಬ್ದವಾಗಿ ಹೊಳೆದಿತ್ತೇ ಹೊರತು ಹಿತ್ತಿಲ ಶಬ್ದವಾಗಿ ನೆನಪಿಗೆ ಬಂದಿರಲಿಲ್ಲ. ಬಹಳ ಚೆನ್ನಾಗಿ ಬೆಳಗಿದ್ದೀರಿ ಅವ್ವಾರ ಎಂದು ಹೇಳಿ, ಆ ಎರಡು ಬಂದೂಕು ಸದ್ಯಕ್ಕೆ ಇರಲಿ ಎಂದು ಸೇರಿಸಿ, ಹವಾಲ್ದಾರರನ್ನು ಬಾವಿಯ ಕಡೆ ಕರೆದುಕೊಂಡು ಹೋದೆ.

ವಿಷಯ ಕೇಳಿ ಅವರು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಸರಕಾರಿ ಆಯುಧ ಕೆಡಿಸಿದರೆಂದು ವಿಚಾರಣೆ ಶುರುವಾದರೆ ನಾಲ್ಕು ತಿಂಗಳಲ್ಲಿ ಮುಗಿಯುವಂಥದಲ್ಲ. ಪಿಂಚಣಿ ತೂಗುಯ್ಯಾಲೆಯಲ್ಲಿ ನಿಲ್ಲುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಸಾಹೇಬರ ತಪಾಸಣೆಗೆ ಹನ್ನೊಂದು ದಿನ ಉಳಿದಿತ್ತು. ಅವರು ಕೇಳಿದ್ದು ಒಂದೇ ಮಾತು: ಹೆಂಡತಿಗೆ ಹೇಳಬೇಡಿ, ಹಬ್ಬದ ದಿನ ಅವಳ ಮನಸ್ಸು ಕೆಡುವುದು ಬೇಡ. ನಾನು ಒಪ್ಪಿದೆ. ಮುಚ್ಚಿಡುವುದರಲ್ಲಿ ನನಗೂ ಲಾಭವಿತ್ತೆಂಬುದನ್ನು ಇಲ್ಲಿ ಹೇಳದಿದ್ದರೆ ಸುಳ್ಳಾಗುತ್ತದೆ.

ಅದೇ ಸಂಜೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಿರೇಕೆರೂರಿಗೆ ಚೀಟಿ ಕಳಿಸಿದೆ: ‘ಬಂದೂಕು ಬೆಳಗಬೇಡಿರಿ.’ ಎರಡು ದಿನ ಬಿಟ್ಟು ಉತ್ತರ ಬಂತು. ಚೀಟಿ ತಡವಾಗಿ ಮುಟ್ಟಿತು, ಮೊದಲಿನ ಹುಕುಮಿನ ಪ್ರಕಾರ ಎಲ್ಲ ಬಂದೂಕುಗಳಿಗೂ ಆರತಿ ಬೆಳಗಿದ್ದೇವೆ, ಹೆಣ್ಣುಮಕ್ಕಳು ಹಾಡು ಕೂಡ ಹೇಳಿದರು, ಇದರಲ್ಲಿ ತಪ್ಪಿದ್ದರೆ ಕ್ಷಮಿಸಬೇಕು ಎಂದು ಅಲ್ಲಿಯ ಹವಾಲ್ದಾರ ಬರೆಸಿದ್ದ. ಒಂದು ಶಬ್ದ, ಮೂರು ಠಾಣೆ: ಒಬ್ಬರು ಓದಲಿಲ್ಲ, ಒಬ್ಬರು ತಿಕ್ಕಿದರು, ಒಬ್ಬರು ಆರತಿ ಎತ್ತಿದರು. ಓದದೆ ಇದ್ದ ಶಿಗ್ಗಾವಿಯವರ ಮೇಲೆ ನನಗೆ ಆಗ ಹುಟ್ಟಿದಷ್ಟು ಗೌರವ ಮತ್ತೆಂದೂ ಹುಟ್ಟಲಿಲ್ಲ.

ಖಂಡೆ ಪೂಜೆಯ ದಿನ ಅವ್ವಾರ ಒಂದೊಂದು ನಳಿಗೆಗೂ ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದರು. ಎಣ್ಣೆ ಹಚ್ಚುತ್ತೇನೆಂದರೆ ಪೂಜೆ ಏಳುವವರೆಗೆ ಮುಟ್ಟುವಂತಿಲ್ಲ ಎಂದರು. ಮರುದಿನ ಬೆಳಿಗ್ಗೆ ಒರೆಸಿ ನೋಡಿದರೆ ಪ್ರತಿಯೊಂದು ನಳಿಗೆಯ ಮೇಲೂ ಮೂರು ಕೆಂಪು ತುಕ್ಕಿನ ಗೆರೆ ಎದ್ದಿದ್ದವು.

ಕಪ್ಪು ಹಿಡಿಸುವ ಕೆಲಸವನ್ನು ನಾನು ನೋಡಿದ್ದೆ, ಮಾಡಿರಲಿಲ್ಲ. ನಮ್ಮಲ್ಲಿ ಅಂಥ ಬಂದೂಕುಗಳನ್ನು ರೈಲಿನಲ್ಲಿ ದೂರದ ಕಾರ್ಖಾನೆಗೆ ಕಳಿಸುತ್ತಿದ್ದರು. ಸವಣೂರಿನಲ್ಲಿ ಒಬ್ಬ ಶಿಕಲಗಾರ ಅಜ್ಜ ಇದ್ದಾನೆ, ಕತ್ತಿ ಅಡಕೊತ್ತುಗಳಿಗೆ ಸಾಣೆ ಹಿಡಿಯುವವನು, ಹಿಂದೆ ಬೇಟೆಗಾರರ ಬಂದೂಕಿಗೆ ಕಪ್ಪು ಕೊಡುತ್ತಿದ್ದ ಎಂದು ಕೇಳಿದ್ದೆ. ಸವಣೂರು ಸಂಸ್ಥಾನದ ಊರು, ನಮ್ಮ ಖಾತೆಯ ಮಾತು ಅಲ್ಲಿ ನಡೆಯುವುದಿಲ್ಲ. ಮಾಮೂಲಿ ಗಿರಾಕಿಯ ಹಾಗೆ ಹೋಗಿ ಕೈಮುಗಿದೆ. ಅಜ್ಜ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡು ಗಾಜಿನ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದ್ದು ನಿಂತ.

ಹಾನಗಲ್ಲಿಗೆ ಬಂದವನೇ ಅಜ್ಜ ಒಂದು ನಳಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. “ಇಷ್ಟ ಚೊಲೊ ಬೆಳಗಿದವರು ಯಾರ್ರಿ? ಹಳೇ ಕಪ್ಪು ಪೂರಾ ತಗೀಬೇಕಿತ್ತು, ಅರ್ಧಾ ಕೆಲಸಾ ಆಗೇತಿ,” ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವಾರ ಮುಖ ಅರಳಿತು. ನಾನು ಹವಾಲ್ದಾರರ ಕಡೆ ನೋಡಲಿಲ್ಲ.

ಕೆಲಸ ಹೀಗೆ ನಡೆಯಿತು. ಮೊದಲು ಸಣ್ಣ ಮರಳುಕಾಗದದಿಂದ ನಳಿಗೆಯ ಉದ್ದಕ್ಕೆ, ಒಂದೇ ದಿಕ್ಕಿಗೆ ಉಜ್ಜಿ ತುಕ್ಕಿನ ಗೆರೆಗಳನ್ನು ತೆಗೆದೆವು. ಅಡ್ಡ ಉಜ್ಜಿದರೆ ಆ ಗೀರು ಕಪ್ಪಿನ ಕೆಳಗಿಂದ ಕಾಣುತ್ತದೆ. ನಳಿಗೆಯ ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದು ಮೇಣ ಹಚ್ಚಿದೆವು. ಒಳಗೆ ಒಂದು ಹನಿಯೂ ಹೋಗಬಾರದು. ಆ ಬೆಣೆಗಳೇ ಹಿಡಿಕೆ. ಆಮೇಲೆ ಸುಣ್ಣದ ನೀರಿನಿಂದ ತಿಕ್ಕಿ ಜಿಡ್ಡು ತೆಗೆದೆವು. ಅಲ್ಲಿಂದ ಮುಂದೆ ಉಕ್ಕಿಗೆ ಬೆರಳು ತಾಗಿಸುವಂತಿಲ್ಲ. ಕೈಯ ಬೆವರಿನ ಒಂದು ಗುರುತಿದ್ದರೂ ಅಲ್ಲಿ ಕಪ್ಪು ಹಿಡಿಯುವುದಿಲ್ಲ.

ಬಾಟಲಿಯಲ್ಲಿದ್ದದ್ದು ಪತ್ತಾರರು ಚಿನ್ನದ ಕೆಲಸಕ್ಕೆ ಬಳಸುವ ತೇಜಾಬು, ಅಂದರೆ ಆಮ್ಲ. ಅದಕ್ಕೆ ಅಜ್ಜ ಕಬ್ಬಿಣದ ಮೊಳೆಗಳನ್ನು ಒಂದೊಂದಾಗಿ ತಿನ್ನಿಸಿದ್ದ. ಇನ್ನು ಮೊಳೆ ಕರಗುವುದಿಲ್ಲ ಎನ್ನುವವರೆಗೆ. ಅದನ್ನು ಮಳೆನೀರಿನಲ್ಲಿ ತೆಳ್ಳಗೆ ಮಾಡಿ, ಹಿಂಡಿದ ಬಟ್ಟೆಯಿಂದ ಬುಡದಿಂದ ತುದಿಯವರೆಗೆ ಒಂದೇ ಎಳೆತ ಎಳೆಯಬೇಕು. ಎರಡನೆಯ ಸಲ ಕೈ ಆಡಿಸಿದರೆ ಪಟ್ಟೆ ಏಳುತ್ತದೆ. ಆಮೇಲೆ ನಳಿಗೆಗಳನ್ನು ಹವಾಲ್ದಾರರ ಬಚ್ಚಲಮನೆಯಲ್ಲಿ ತೂಗುಹಾಕಿ, ಹಂಡೆಯಲ್ಲಿ ನೀರು ಕಾಯಿಸಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದೆವು. ನಾಲ್ಕು ತಾಸಿಗೆ ಉಕ್ಕಿನ ಮೇಲೆ ನಯವಾದ ಕೆಂಪು ಪುಡಿ ಎದ್ದಿತು. ನಾನು ಜೀವಮಾನವಿಡೀ ತುಕ್ಕಿನ ಜೊತೆ ಜಗಳವಾಡಿದವನು. ಅದನ್ನು ಆಸೆಯಿಂದ ಇಣುಕಿ ಇಣುಕಿ ನೋಡಿದ್ದು ಅದೇ ಮೊದಲು.

ಕುದಿಸಲಿಕ್ಕೆ ಪಾತ್ರೆ ಎಲ್ಲಿ? ನಳಿಗೆ ಎರಡು ಮೊಳ ಉದ್ದ, ಅದು ಪೂರ್ತಿ ಮುಳುಗಿ ಗಳಗಳ ಕುದಿಯಬೇಕು. ಊರ ಹೊರಗಿನ ಕಬ್ಬಿನ ರೈತರೊಬ್ಬರ ಗಾಣದ ಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆ ಇತ್ತು. ಗಾಣ ಶುರುವಾಗಲು ಇನ್ನೂ ಹೊತ್ತಿತ್ತು. ಹವಾಲ್ದಾರರು ಕೇಳಿದೊಡನೆ ಅವರು ಗಾಡಿಯಲ್ಲಿ ಹಾಕಿ ಕಳಿಸಿಕೊಟ್ಟರು. ಚೆನ್ನಾಗಿ ತೊಳೆದು, ಬಾವಿಯ ಪಕ್ಕದಲ್ಲಿ ಒಲೆ ಹೂಡಿ, ಮೊದಲ ಮೂರು ನಳಿಗೆ ಇಳಿಸಿದೆವು.

ಅರ್ಧ ತಾಸು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದೆ. ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಕೆಂಪು, ನಡುನಡುವೆ ಬೋಳು ಬಿಳಿ ಮಚ್ಚೆ. ಮತ್ತೆ ಉಜ್ಜಿ, ಮತ್ತೆ ಸುಣ್ಣ, ಮತ್ತೆ ತೇಜಾಬು, ಮತ್ತೆ ಬಚ್ಚಲ. ಎರಡನೆಯ ಸಲವೂ ಅದೇ ಮಚ್ಚೆ. ಐದು ದಿನ ಆಗಲೇ ಕಳೆದಿದ್ದವು. ಹವಾಲ್ದಾರರು ಒಲೆಗೆ ಕಟ್ಟಿಗೆ ಒಟ್ಟುತ್ತಲೇ ಇದ್ದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಜ್ಜ ಕೊಪ್ಪರಿಗೆಯ ಮೇಲೆ ಬಗ್ಗಿ ಆವಿಯ ವಾಸನೆ ಹಿಡಿದ. ಆಮೇಲೆ ಒಣಹುಲ್ಲಿನ ಒಂದು ಕಡ್ಡಿಯನ್ನು ನೀರಿನ ಮೇಲೆ ಎಳೆದು ಬಿಸಿಲಿಗೆ ಹಿಡಿದ. ಕಡ್ಡಿ ಮಿರುಗಿತು. ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಕಬ್ಬಿನ ಹಾಲು ಉಕ್ಕಿ ಬರುವಾಗ ನೊರೆ ಇಳಿಸಲು ನಾಲ್ಕು ಹನಿ ಔಡಲ ಎಣ್ಣೆ ಬಿಡುವುದು ಎಲ್ಲ ಗಾಣದಲ್ಲೂ ಇದ್ದದ್ದೇ. ವರ್ಷಗಟ್ಟಲೆಯ ಆ ಎಣ್ಣೆ ಕೊಪ್ಪರಿಗೆಯ ಬೆಸುಗೆಯ ಸಂದಿಗಳಲ್ಲಿ ಕೂತಿತ್ತು. ನೀರು ಕಾದಾಗ ತೇಲಿ, ನಳಿಗೆ ಇಳಿಸುವಾಗಲೂ ಎತ್ತುವಾಗಲೂ ಮೈಗೆ ಮೆತ್ತಿಕೊಳ್ಳುತ್ತಿತ್ತು. ಇದನ್ನು ಮೂಲೆ ಮೂಲೆ ಬಿಡದೆ ತಿಕ್ಕಬೇಕು, ಅದು ಗಂಡಸರ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದು ಅಜ್ಜ ಹೇಳಿದ.

ಅವ್ವಾರ ಅಷ್ಟರಲ್ಲಿ ಬಾವಿಯ ಹತ್ತಿರ ಬಂದು ನಿಂತಿದ್ದರು. ನನ್ನನ್ನು ಅತ್ತ ಕರೆದು ಮೆಲ್ಲಗೆ ಕೇಳಿದರು.

“ನಾವು ಬೆಳ್ಳಗ ಮಾಡಿದ್ದನ್ನ ನೀವು ಮೂರ ದಿನದಿಂದ ಕರ್ರಗ ಮಾಡಾಕತ್ತೀರಿ. ಅದು ಕರ್ರಗ ಇರೂದ ಇತ್ತು, ಹೌದಲ್ಲೋ? ಹೇಳಾಕ ನಿಮಗ ಬಾಯಿ ಬರವಲ್ದು.”

ಹೌದು ಅವ್ವಾರ ಎಂದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೈನಿನ ಹೆಂಗಸರನ್ನು ಹೆಸರು ಹಿಡಿದು ಕೂಗಿ, ಕೊಪ್ಪರಿಗೆಯೊಳಗೇ ಇಳಿದು ಕೂತರು. ಬೂದಿ, ಸುಣ್ಣ, ಸೀಗೆ, ಕುದಿಯುವ ನೀರು. ಮಧ್ಯಾಹ್ನದ ಊಟ ಬಿಟ್ಟು ತಿಕ್ಕಿದರು. ಸಂಜೆ ಅಜ್ಜ ಮತ್ತೆ ಕಡ್ಡಿ ಎಳೆದು ನೋಡಿದ. ಅದಕ್ಕೆ ನೀರು ಬಿಟ್ಟು ಏನೂ ಅಂಟಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಓಡಿತು. ದಿನಕ್ಕೆ ಎರಡು ಸರದಿ. ಕುದಿಯುವ ನೀರಿನೊಳಗೆ ಕೆಂಪು ಪುಡಿ ನಮ್ಮ ಕಣ್ಣೆದುರೇ ಕಂದಾಗಿ, ಕಂದು ಕಪ್ಪಾಗುತ್ತಿತ್ತು. ಎತ್ತಿ ಆರಿಸಿ ಮೇಲಿನ ಮಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಕೆಳಗೆ ಬೂದುಬಣ್ಣದ ನೆರಳು ಉಳಿಯುತ್ತಿತ್ತು. ಎರಡನೆಯ ಸರದಿಗೆ ಆ ನೆರಳು ದಪ್ಪವಾಯಿತು, ನಾಲ್ಕನೆಯದಕ್ಕೆ ಮೋಡದ ಬಣ್ಣ, ಏಳನೆಯದಕ್ಕೆ ಪಹರೆಯ ಬಂದೂಕಿನ ಪಕ್ಕ ಇಟ್ಟರೆ ಯಾವುದು ಹಳೆಯದು ಯಾವುದು ಹೊಸದು ಗೊತ್ತಾಗದ ಹಾಗೆ ಕಪ್ಪು. ಕೊನೆಗೆ ಬಟ್ಟೆ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ತೇಜಾಬಿನ ಕಸುವು ಕೊಂದು, ಬಿಸಿ ಇರುವಾಗಲೇ ಅಗಸೆ ಎಣ್ಣೆ ಕುಡಿಸಿದೆವು. ಅಜ್ಜನ ಬಾಯಿಗೆ ಎಲೆ, ನನ್ನ ಬಾಯಿಗೆ ಸೇರದಿದ್ದರೂ ರೊಟ್ಟಿ ಪಲ್ಯೆ, ಅವ್ವಾರದ್ದು ಎಡೆಬಿಡದ ಉಪಚಾರ. ಬದುಕಿನಲ್ಲಿ ಅಷ್ಟು ಹೆದರಿಕೊಂಡು ಅಷ್ಟು ಸುಖವಾಗಿ ನಾನು ಎಲ್ಲೂ ಕೆಲಸ ಮಾಡಿಲ್ಲ.

ಒಂದು ಮಾತ್ರ ನಮ್ಮ ಕೈಗೆ ಸಿಗಲಿಲ್ಲ. ಕುದುರೆಯ ಕಾವಲು ಕಮಾನುಗಳು ಕಪ್ಪಾಗದೆ ಬದನೆಕಾಯಿಯ ಬಣ್ಣಕ್ಕೆ ಬಂದು ನಿಂತವು. ಇದು ಬಹಳ ಬೆಂಕಿ ಕಂಡ ಉಕ್ಕು, ತನ್ನ ಬಣ್ಣವನ್ನೇ ತರುತ್ತದೆ, ನೂರು ಸಲ ಕುದಿಸಿದರೂ ಅಷ್ಟೇ ಎಂದು ಹೇಳಿ ಅಜ್ಜ ಒಂಬತ್ತನೆಯ ದಿನ ಸವಣೂರಿನ ದಾರಿ ಹಿಡಿದ.

ತಪಾಸಣೆಯ ಹಿಂದಿನ ದಿನ ಪಡಸಾಲೆಯಲ್ಲಿ ಬಂದೂಕು ಕೂಡಿಸುತ್ತಿದ್ದಾಗ ಹವಾಲ್ದಾರರು ಕೆಮ್ಮಿ ಮಾತು ತೆಗೆದರು. ಸಾಹೇಬರ ಕಣ್ಣಿಗೆ ಈ ಬದನೆಕಾಯಿ ಬಿದ್ದರೆ ಏನು ಹೇಳಬೇಕೆಂದು ಅವರು ಆಗಲೇ ಯೋಚಿಸಿದ್ದರು.

“ನಿಮಗ ಇನ್ನ ಇಪ್ಪತ್ತ ವರ್ಷ ನೌಕರಿ ಐತ್ರಿ. ನಾ ಹೋಗಾವ. ಓದೂದರಾಗ ನಾನ ತಪ್ಪಿದೆ ಅಂತ ಹೇಳ್ತೇನಿ. ಕಾಗದದಾಗ ಬ್ಯಾರೆ ಇತ್ತು, ನಾ ಬ್ಯಾರೆ ಓದಿದೆ ಅಂತ. ವಯಸ್ಸಾಗೇತಿ, ನಂಬ್ತಾರ.”

ನಾನು ಬೇಡ ಅನ್ನಲಿಲ್ಲ. ಸ್ಕ್ರೂ ತಿರುಗಿಸುತ್ತ ಕೂತೆ. ಅದನ್ನು ನೆನೆಸಿದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಊಟಕ್ಕೆ ಕೂತಾಗ ಅವ್ವಾರ ರೊಟ್ಟಿ ಹಾಕುತ್ತ ಒಂದು ಸಂಗತಿ ಹೇಳಿದರು. ಮದುವೆಯಾಗಿ ಬಂದಾಗ ಗಂಡ ಹೆಬ್ಬೆಟ್ಟು ಒತ್ತುತ್ತಿದ್ದ. ಅವ್ವಾರ ಹೆಣ್ಣುಮಕ್ಕಳ ಸಾಲೆಯಲ್ಲಿ ಮೂರನೆಯ ಇಯತ್ತೆ ಓದಿದವರು; ಮೊರದಲ್ಲಿ ಅಕ್ಕಿಯ ನುಚ್ಚು ಹರವಿ ಗಂಡನ ಬೆರಳು ಹಿಡಿದು ಅಕ್ಷರ ತಿದ್ದಿಸಿದರು. ಕಲಿಯಲು ಆರು ವರ್ಷ ಹಿಡಿಯಿತು. ಕಲಿತು ಏನು ಬಂತು? ಠಾಣೆಗೆ ಬರುವ ಕಾಗದವೆಲ್ಲ ಮರಾಠಿ, ಇಂಗ್ಲಿಷ್. ಬೇರೆಯವರು ಓದಬೇಕು, ಇವರು ಅಟೆನ್ಶನ್ ನಿಂತು ಕೇಳಬೇಕು. ಮೂವತ್ತೊಂದು ವರ್ಷದಲ್ಲಿ ಅವರು ತಾವೇ ಓದಿಕೊಂಡ ಮೊದಲನೆಯ ಸರಕಾರಿ ಕಾಗದ ನನ್ನದು. ಓದಿ ಮುಗಿಸಿ ಮನೆಗೆ ಬಂದು ಹೆಂಡತಿಯ ಮುಂದೆ ಮತ್ತೊಮ್ಮೆ ಓದಿದರಂತೆ, ಮರುದಿನ ಲೈನಿನವರಿಗೆಲ್ಲ ಓದಿ ಹೇಳಿದರಂತೆ.

“ಅವ್ರು ತಪ್ಪ ಓದಿಲ್ಲರಿ,” ಎಂದರು ಅವ್ವಾರ. “ನಾ ಕಲಿಸಿದ್ದೇನಿ, ನನಗ ಗೊತ್ತೈತಿ.”

ಇಷ್ಟೇ ಅಂದು ಮಜ್ಜಿಗೆ ತರಲು ಒಳಗೆ ಹೋದರು. ನಾಳೆ ಗಂಡ ಏನು ಹೇಳಬೇಕೆಂದಿದ್ದಾರೆ ಎಂಬುದು ಅವರಿಗೆ ತಿಳಿದಿತ್ತು. ನನ್ನನ್ನು ಅವರು ಏನೂ ಕೇಳಲಿಲ್ಲ. ನಾನು ತಟ್ಟೆಯ ಮುಂದೆ ಕೂತು, ನಾಳೆ ಬಾಯಿ ಬಿಡುವವನು ನಾನೇ ಎಂದು ನಿಶ್ಚಯ ಮಾಡಿದೆ. ಹತ್ತು ದಿನದ ಮೇಲೆ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡೆ.

ಸಾಹೇಬರು ಇಂಗ್ಲಿಷರು, ಕನ್ನಡ ಪರೀಕ್ಷೆ ಪಾಸು ಮಾಡಿದವರು. ಪುಸ್ತಕದ ಕನ್ನಡವನ್ನು ಒಂದೊಂದೇ ಶಬ್ದ ಎತ್ತಿಟ್ಟು ಮಾತಾಡುತ್ತಿದ್ದರು. ಫೌಜದಾರರೂ ಬಂದೋಬಸ್ತು ಮುಗಿಸಿ ಬಂದು ಪಕ್ಕದಲ್ಲಿ ನಿಂತಿದ್ದರು. ಸಾಹೇಬರು ನಳಿಗೆಗಳನ್ನು ಬಿಸಿಲಿಗೆ ಹಿಡಿದು ನೋಡಿ ಒಂದೊಂದಾಗಿ ಮರಳಿಸಿದರು. ಆರನೆಯದರಲ್ಲಿ ಅವರ ಹೆಬ್ಬೆರಳು ಕಾವಲು ಕಮಾನಿನ ಮೇಲೆ ನಿಂತಿತು. ಇದರ ವರ್ಣ ಹೀಗೇಕೆ ಎಂದು ಕೇಳಿದರು.

ಹವಾಲ್ದಾರರು ಒಂದು ಹೆಜ್ಜೆ ಮುಂದೆ ಬಂದು ಸಲ್ಯೂಟ್ ಹೊಡೆದರು. “ಸಾಹೇಬ್ರ, ಓದೂದರಾಗ ನಾನ...”

ನಾನು ನಡುವೆ ಬಾಯಿ ಹಾಕಿದೆ. ಅದು ಕವಾಯತಿನ ಶಿಸ್ತಿಗೆ ಹೊರತು, ಆದರೂ ಹಾಕಿದೆ. ಅವರು ಸರಿಯಾಗಿಯೇ ಓದಿದರು, ಬರೆದವನು ನಾನು, ಬರೆದದ್ದು ತಪ್ಪು, ಕಾಗದ ಇಲ್ಲೇ ಇದೆ, ಅಪ್ಪಣೆಯಾದರೆ ಅವರೇ ಓದುತ್ತಾರೆ ಎಂದೆ. ಸಾಹೇಬರು ನನ್ನನ್ನೂ ಅವರನ್ನೂ ನೋಡಿ ತಲೆಯಾಡಿಸಿದರು.

ಹವಾಲ್ದಾರರು ಎದೆಯ ಜೇಬಿನಿಂದ ಕಾಗದ ತೆಗೆದರು. ಒಂದೊಂದು ಅಕ್ಷರಕ್ಕೂ ಅದರ ತೂಕ ಕೊಟ್ಟು, ಒತ್ತು ದೀರ್ಘ ಬಿಡದೆ, ‘ಸಮಸ್ತ’ಕ್ಕೆ ಉಸಿರು ತೆಗೆದುಕೊಂಡು, ‘ಬೆಳಗಿ ಇಡತಕ್ಕದ್ದು’ ಎಂಬಲ್ಲಿ ನಿಂತು, ಕೆಳಗಿನ ನನ್ನ ಹೆಸರು ಹುದ್ದೆಯವರೆಗೆ ಓದಿದರು. ಸಾಲಿನಲ್ಲಿ ನಿಂತ ಪೊಲೀಸರು, ಬೇವಿನ ಮರದ ಕೆಳಗೆ ಸೇರಿದ್ದ ಲೈನಿನ ಹೆಂಗಸರು, ಎಲ್ಲರೂ ಕೇಳಿದರು.

ಬೆಳಗಿ ಎಂದರೆ ಅರ್ಥವೇನು ಎಂದು ಸಾಹೇಬರು ಕೇಳಿದರು. ಫೌಜದಾರರು ನನ್ನ ಮುಖ ನೋಡಿದರು. ಉತ್ತರ ಬಂದದ್ದು ಬೇವಿನ ಮರದ ಕಡೆಯಿಂದ.

“ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೂದ್ರಿ,” ಎಂದರು ಅವ್ವಾರ. “ಬ್ಯಾರೆ ಏನೈತ್ರಿ?”

ನಿನ್ನೆ ಹಿರೇಕೆರೂರಿನಲ್ಲಿ ಪ್ರತಿಯೊಂದು ಬಂದೂಕಿನ ಮೇಲೂ ಕುಂಕುಮವನ್ನೂ ಕರ್ಪೂರದ ಮಸಿಯನ್ನೂ ಕಂಡೆ, ಕಾರಣ ಈಗ ತಿಳಿಯಿತು ಎಂದರು ಸಾಹೇಬರು. ಅವರ ಮೀಸೆ ಅಲುಗಿತು. ಆಮೇಲೆ ಬಂದೂಕಿನ ಬೋಲ್ಟು ಎಳೆದು ನಳಿಗೆಯ ಒಳಗನ್ನು ನೋಡಿದರು. ಒಳಗು ಕನ್ನಡಿಯಂತಿತ್ತು, ಕೆಟ್ಟಿರಲಿಲ್ಲ. ಹವಾಲ್ದಾರರ ಮೇಲೆ ಯಾವ ತಪ್ಪೂ ಇಲ್ಲ ಎಂದು ಅಲ್ಲಿಯೇ ಬರೆಸಿದರು. ನನ್ನ ಸರ್ವಿಸ್ ಶೀಟಿನಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು. ಅದರಿಂದ ನನ್ನ ಬಡ್ತಿ ತಡವಾಯಿತು. ಅದರ ಬಗ್ಗೆ ನಾನು ಯಾರ ಹತ್ತಿರವೂ ದೂರಿಲ್ಲ, ದೂರಬೇಕೆಂದು ಅನಿಸಿಯೂ ಇಲ್ಲ.

ಮಧ್ಯಾಹ್ನ ಹವಾಲ್ದಾರರು ಬಸ್ಸಿನವರೆಗೆ ನನ್ನನ್ನು ಕಳಿಸಲು ಬಂದರು. ಬೇಡವೆಂದರೂ ನನ್ನ ಹತಾರದ ಪೆಟ್ಟಿಗೆಯನ್ನು ತಾವೇ ಹೊತ್ತಿದ್ದರು. ಪಿಂಚಣಿಯ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಏರಿಸಿ, ನಾನು ಕೂತ ಕಿಟಕಿಯ ಹತ್ತಿರ ಬಂದು ನಿಂತರು.

“ಮೂವತ್ತೊಂದ ವರ್ಷ ನಾ ನಿಂತು ಸಾಹೇಬ್ರು ಓದಿಸಿದ್ದನ್ನ ಕೇಳೇನ್ರಿ, ಮಿಸ್ತ್ರಿಯವರ,” ಎಂದರು. “ಇವತ್ತ ಸಾಹೇಬ್ರು ನಿಂತು ನಾ ಓದಿದ್ದನ್ನ ಕೇಳಿದ್ರು.”